ಮಸ್ಕಿ ಬಂಡೆಯಲ್ಲಿ ಒಂದು ಗೇಮ್
ಮಕ್ಕಳು ಗೇಮ್ ಆಡುತ್ತಾ ಕೂತರೆ ಉಮ್ಮನಿಗೆ ಸಿಟ್ಟು ಬರೋದು ಸಹಜ. ಆದರೆ ‘ನಾನೇ ಒಂದು ಗೇಮ್ ಮಾಡ್ತೇನೆ’ ಅಂದರೆ ಬೈಯುವ ಮೊದಲು ಸ್ವಲ್ಪ ಕೇಳಿ. ಲುಕಾಸ್ ಪೋಪ್ ಹೆಚ್ಚುಕಡಿಮೆ ಒಬ್ಬರೇ ಕೂತು ಮಾಡಿದ ನಿಗೂಢ ಗೇಮ್ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ 2018ರಲ್ಲಿ ಬಂದು ಜಗತ್ತಿಡೀ ಹೆಸರಾಯಿತು.

ಕಥೆಗೆ ದೂರ ಹೋಗಬೇಕಿಲ್ಲ. ಸಿಂಧನೂರು, ಲಿಂಗಸುಗೂರು ಕಡೆ ಕೆಲಸಕ್ಕೆ ಹೋಗುವ ನಮ್ಮ ಹುಡುಗರು ಮಸ್ಕಿ ಗುಡ್ಡವನ್ನೊಮ್ಮೆ ನೋಡಲಿ. ಶಾಸನಗಳ ‘ದೇವಾನಾಂಪ್ರಿಯ’ ಯಾರೆಂಬ ಒಗಟಿಗೆ 1915ರಲ್ಲಿ ಗಣಿ ಇಂಜಿನಿಯರ್ ಬೀಡನ್ ಕಂಡ ಇಲ್ಲಿನ ಬಂಡೆಯೇ ‘ಅಶೋಕ’ ಎಂದು ಹೆಸರು ಹೇಳಿತು. ಕತ್ತಲೆ, ಲಾಟೀನಿನ ಬೆಳಕು, ಗಾಳಿಯ ಸದ್ದು, ಅಳಿಸಿದ ಅಕ್ಷರ: ಮೊದಲ ಗೇಮ್‌ಗೆ ಇಷ್ಟು ಸಾಕು.

‘ಗೋಡೋ’ ಸಾಫ್ಟ್‌ವೇರ್ ಉಚಿತ. ಗೇಮ್ ಅರ್ಧ ಗಂಟೆಯದ್ದೇ ಇರಲಿ, ಆದರೆ ಪೂರ್ತಿ ಮುಗಿಯಲಿ. ಓದು, ಕೆಲಸ ಮಾತ್ರ ಬಿಡುವುದು ಬೇಡ.