ಕಣದ ಕಾವಲು ಯಾರದು?

ಕಾಫಿ ಕೊಯ್ಲು ಬಂತೆಂದರೆ ನಮ್ಮ ಮಲೆನಾಡಿನ ಲೈನ್ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳತೊಡಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಕುಟುಂಬಗಳು ಬಂದಿಳಿಯುತ್ತವೆ. ಮಳೆ ನೆಚ್ಚಿದ ಹೊಲದವರು ಕೆಲವರು, ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟವರು ಕೆಲವರು. ಇವರು ಬಾರದಿದ್ದರೆ ಹಣ್ಣು ಗಿಡದಲ್ಲೇ ಒಣಗೀತು. ಆದರೂ ಕಣದಿಂದ ಒಂದು ಚೀಲ ಕಾಫಿಯೋ ಅಡಿಕೆಯೋ ಮಾಯವಾದರೆ ನಮ್ಮ ಕಣ್ಣು ಮೊದಲು ಹೊರಳುವುದು ಇವರ ಕಡೆಗೇ.

ಒಂದು ಸುಗ್ಗಿಯಲ್ಲಿ ನಮ್ಮ ಕಣದಿಂದಲೇ ಮೂರು ಚೀಲ ಒಣ ಚೆರಿ ಹೋಯಿತು. ರೈಟರು ನೇರ ಲೈನ್ ಮನೆಗೆ ನಡೆದರು. ನಾವು ತಡೆಯಲಿಲ್ಲ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಸಿಂದಗಿ ಕಡೆಯ ಹಿರಿಯರೊಬ್ಬರು ತಾವೇ ಗಂಟು ತಂದಿಟ್ಟು, “ಬಿಚ್ಚಿ ನೋಡ್ರೀ ಸಾಹುಕಾರ್ರ, ಆದ್ರ ಎಲ್ಲಾರ ಮುಂದ ನೋಡ್ರಿ” ಎಂದರು. ಗಂಟಿನಲ್ಲಿದ್ದುದು ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಮಕ್ಕಳ ಬಟ್ಟೆ. ಹದಿನೈದು ದಿನಗಳ ಮೇಲೆ ಸುಳಿವು ಸಿಕ್ಕಿತು. ಕದ್ದವನು ನಮ್ಮೂರವನೇ, ಕೊಂಡವನು ರಾತ್ರಿ ಜೀಪಿನಲ್ಲಿ ಬರುವ ವ್ಯಾಪಾರಿ. ಅಷ್ಟರಲ್ಲಿ ಆ ಕುಟುಂಬ ಲೆಕ್ಕ ಮುಗಿಸಿಕೊಂಡು ಬೇರೆ ತೋಟಕ್ಕೆ ಹೋಗಿಯಾಗಿತ್ತು.

ಕೊಳ್ಳುವ ಕೈಯನ್ನು ಹಿಡಿಯದೆ ಕದಿಯುವ ಕೈ ನಿಲ್ಲುವುದಿಲ್ಲ. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಅಪರಾಧ; 3 ವರ್ಷದವರೆಗೆ ಸೆರೆಯುಂಟು. ಚೀಟಿ ಕೊಡದೆ, ಮಾರುವವರ ಹೆಸರು ಬರೆದುಕೊಳ್ಳದೆ ಕೊಳ್ಳುವವರಿಗೆ ನಮ್ಮ ಸದಸ್ಯರು ಮಾಲು ಹಾಕಬಾರದು. ಕಿಲೋಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ಹಾಕಬಾರದು. (ಇದು ಕಷ್ಟವೆಂದು ನಮಗೂ ಗೊತ್ತು.)

ಗ್ರಾಮ ರಕ್ಷಣಾ ದಳದ ಕಾಯಿದೆ ನಮ್ಮಲ್ಲಿ 1964ರಷ್ಟು ಹಿಂದೆಯೇ ಬಂದಿದೆ. 2017ರಲ್ಲಿ ರಾಜ್ಯದ ಪೊಲೀಸರು ಬೀಟ್ ವ್ಯವಸ್ಥೆಯನ್ನು ತಿದ್ದಿ, ಒಂದೊಂದು ಬೀಟನ್ನು ಒಬ್ಬೊಬ್ಬ ಪೇದೆಗೆ ವಹಿಸಿ, ಊರವರನ್ನೂ ಸದಸ್ಯರಾಗಿ ಸೇರಿಸಿಕೊಳ್ಳುವ ಏರ್ಪಾಟು ಮಾಡಿದರು. ಆ ಪಟ್ಟಿಯಲ್ಲಿ ತೋಟದ ಮಾಲೀಕರ ಹೆಸರಷ್ಟೇ ಇದ್ದರೆ ಏನು ಬಂತು? ರಾತ್ರಿ ಕಣದ ಪಕ್ಕದಲ್ಲೇ ಮಲಗುವವರು, ಅಪರಿಚಿತ ಜೀಪಿನ ಸದ್ದು ಮೊದಲು ಕೇಳುವವರು ಲೈನಿನವರು. ಕಾವಲಿಗೆ ಬೆಳೆಗಾರರ ಮನೆಯಿಂದೊಬ್ಬರು, ಲೈನಿನಿಂದೊಬ್ಬರು ಜೊತೆಯಾಗಿ ಹೋಗಲಿ. ಕಾವಲಿನ ಕೂಲಿ ಬೇರೆಯೇ ಕೊಡೋಣ.

ಕಳ್ಳ ಕಣ್ಣೆದುರೇ ಸಿಕ್ಕಿದರೆ ಹಿಡಿಯಬಹುದು, ಕಂಬಕ್ಕೆ ಕಟ್ಟಿ ಹೊಡೆಯುವಂತಿಲ್ಲ. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 112ಕ್ಕೆ ಕರೆ ಮಾಡಿದರಾಯಿತು.

ಕೊಯ್ಲು ಆರಂಭವಾದ ಮೊದಲ ವಾರ, ಸಂತೆಯ ರಜೆಯ ದಿನ, ಸಂಘದ ಗೋದಾಮಿನಲ್ಲಿ ಸಭೆ ಕರೆದಿದ್ದೇವೆ. ಬೀಟ್ ಪೊಲೀಸರನ್ನೂ ಆಹ್ವಾನಿಸಿದ್ದೇವೆ. ಸದಸ್ಯರು ಬರುವಾಗ ತಮ್ಮ ಲೈನ್ ಮನೆಯಿಂದ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಕರೆತರಬೇಕು. ಕುರ್ಚಿ ಎಲ್ಲರಿಗೂ ಹಾಕಿಸುತ್ತೇವೆ.