ಜ್ವರದ ಗುಟ್ಟು ಬಿಡಿಸಿದ ಚೈನಾ ಗ್ರಾಸ್

ಹಾಲು, ಸಕ್ಕರೆಯೊಡನೆ ಕುದಿಸಿ ತಟ್ಟೆಗೆ ಸುರಿದರೆ ತಣಿದು ಗಟ್ಟಿಯಾಗುವ ಚೈನಾ ಗ್ರಾಸ್ ಅನೇಕ ಅಡುಗೆಮನೆಗಳಿಗೆ ಪರಿಚಿತ. ಕೆಂಪು ಕಡಲಕಳೆಯಿಂದ ತಯಾರಾಗುವ ಈ ವಸ್ತುವಿನ ಇನ್ನೊಂದು ಹೆಸರು ಅಗರ್. ಬಿಡದ ಜ್ವರಕ್ಕೆ ವೈದ್ಯರು ರಕ್ತದ ಕಲ್ಚರ್ ಮಾಡಿಸಿ ಎಂದು ಚೀಟಿ ಬರೆದಾಗ, ರೋಗಾಣುವಿನ ಗುರುತು ಹಿಡಿಯಲು ನೆರವಾಗುವುದೂ ಇದೇ ಅಗರ್!

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಅನೇಕ ರೋಗಗಳಿಗೆ ಸೂಕ್ಷ್ಮಾಣುಗಳು ಕಾರಣವೆಂಬ ವಿಚಾರ ಬಲಗೊಂಡಿತ್ತು. ಆದರೆ ಯಾವ ರೋಗಕ್ಕೆ ಯಾವ ಅಣು? ರೋಗಿಯ ಕಫ, ಮಲಗಳಲ್ಲಿ ಹತ್ತಾರು ಬಗೆಯ ಬ್ಯಾಕ್ಟೀರಿಯಾಗಳಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಹಲವು ಒಂದೇ ತೆರನಾಗಿ ಕಾಣುತ್ತವೆ. ಮಾಂಸದ ಸಾರಿನಲ್ಲಿ ಬೆಳೆಸಿದರೆ ಎಲ್ಲವೂ ಕಲಬೆರಕೆ.

ಜರ್ಮನಿಯ ರಾಬರ್ಟ್ ಕಾಕ್ ಇದಕ್ಕೊಂದು ಉಪಾಯ ಮಾಡಿದರು. ದ್ರವದ ಬದಲು ಗಟ್ಟಿ ಮೇಲ್ಮೈ ಒದಗಿಸಿದರೆ ಪ್ರತಿಯೊಂದು ಅಣುವೂ ಬಿದ್ದಲ್ಲೇ ನಿಂತು ಸಂತಾನ ಬೆಳೆಸುತ್ತದೆ. ಕಣ್ಣಿಗೆ ಕಾಣುವ ಒಂದೊಂದು ಚುಕ್ಕೆಯೂ ಒಂದೇ ವಂಶದ ಗುಂಪು. ಮೊದಲು ಬೇಯಿಸಿದ ಆಲೂಗಡ್ಡೆಯ ಹೋಳು, ಬಳಿಕ ಜೆಲಟಿನ್ ಬಳಕೆಗೆ ಬಂದವು. ಆದರೆ ದೇಹದ ಶಾಖವಾದ 37 ಡಿಗ್ರಿಯಲ್ಲಿ ಜೆಲಟಿನ್ ಕರಗಿ ನೀರಾಗುತ್ತಿತ್ತು. ಮೇಲಾಗಿ, ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ಜೀರ್ಣಿಸಿಕೊಂಡುಬಿಡುತ್ತಿದ್ದವು.

ಕಾಕ್ ಅವರ ಬಳಿ ಕೆಲಸ ಮಾಡುತ್ತಿದ್ದ ವೈದ್ಯ ವಾಲ್ಟರ್ ಹೆಸ್ಸೆಗೂ ಇದೇ ತಲೆನೋವು. ಅವರ ಪತ್ನಿ ಫ್ಯಾನಿ ಅಮೆರಿಕದಲ್ಲಿ ಹುಟ್ಟಿ ಬೆಳೆದವರು. ಪತಿಯ ಪ್ರಯೋಗಗಳಿಗೆ ನೆರವಾಗುತ್ತ, ಚಿತ್ರಗಳನ್ನೂ ಬರೆದುಕೊಡುತ್ತಿದ್ದರು. ಬೇಸಿಗೆಯಲ್ಲೂ ಆಕೆ ಮಾಡಿದ ಜೆಲ್ಲಿ ಏಕೆ ಕರಗುವುದಿಲ್ಲ ಎಂದು ಪತಿ ಒಮ್ಮೆ ಕೇಳಿದರಂತೆ. ಹಿಂದೆ ಜಾವಾದಲ್ಲಿ ನೆಲೆಸಿದ್ದ ಡಚ್ ನೆರೆಯವರಿಂದ ಕಲಿತ ಗುಟ್ಟನ್ನು ಆಕೆ ಹೇಳಿದರು: ಅಗರ್! ಅದು ಕರಗಲು ಸುಮಾರು 85 ಡಿಗ್ರಿ ಶಾಖ ಬೇಕು. ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಅದು ಜೀರ್ಣವಾಗದು.

1882ರ ಮಾರ್ಚ್ 24ರಂದು ಕಾಕ್ ಕ್ಷಯದ ರೋಗಾಣುವನ್ನು ಜಗತ್ತಿಗೆ ತಿಳಿಸಿದರು. ಆ ಕುರಿತ ಪ್ರಬಂಧದಲ್ಲಿ ಅಗರ್‌ನ ಪ್ರಸ್ತಾಪ ಸಂಕ್ಷಿಪ್ತವಾಗಿ ಬಂತು. ಹೆಸ್ಸೆ ದಂಪತಿಗಳ ಹೆಸರು ಬರಲಿಲ್ಲ. 1887ರಲ್ಲಿ ಮುಚ್ಚಳದ ಗಾಜಿನ ತಟ್ಟೆಯನ್ನು ವಿವರಿಸಿದ ಪೆಟ್ರಿಯ ಹೆಸರು ಆ ತಟ್ಟೆಗೇ ಅಂಟಿಕೊಂಡಿತು. 1934ರಲ್ಲಿ ತೀರಿಕೊಂಡ ಫ್ಯಾನಿಯ ಹೆಸರಿನಲ್ಲಿ ಅಂಥದ್ದೇನೂ ಉಳಿಯಲಿಲ್ಲ.

ಇಂದು ಟೈಫಾಯ್ಡ್ ಶಂಕೆಯಿದ್ದರೆ ರೋಗಿಯ ರಕ್ತವನ್ನು ಪೋಷಕ ದ್ರವದ ಸೀಸೆಯಲ್ಲಿ ಬೆಚ್ಚಗಿಡುತ್ತಾರೆ. ಅಣುಗಳು ಬೆಳೆದ ಸೂಚನೆ ಸಿಕ್ಕಮೇಲೆ ಅಗರ್ ತಟ್ಟೆಯ ಮೇಲೆ ಎಳೆಯುತ್ತಾರೆ. ಹಾಲಿನ ಸಕ್ಕರೆ ಮತ್ತು ಬಣ್ಣ ಬೆರೆತ ಮೆಕಾಂಕಿ ಅಗರ್ ಮೇಲೆ, ಕರುಳಿನ ಸಾಮಾನ್ಯ ನಿವಾಸಿ ಇ. ಕೋಲಿ ಆ ಸಕ್ಕರೆಯನ್ನು ಹುಳಿಯಾಗಿಸಿ ಗುಲಾಬಿ ಚುಕ್ಕೆಯಾಗುತ್ತದೆ. ಟೈಫಾಯ್ಡ್ ಅಣುವಿಗೆ ಆ ಶಕ್ತಿಯಿಲ್ಲ. ಅದರ ಚುಕ್ಕೆ ಬಣ್ಣರಹಿತ. ಮುಂದಿನ ಕೆಲವು ಪರೀಕ್ಷೆಗಳು ಗುರುತನ್ನು ಖಚಿತಪಡಿಸುತ್ತವೆ.

ಅನಂತರದ ಹೆಜ್ಜೆ ರೋಗಿಗೆ ಇನ್ನೂ ಮುಖ್ಯ. ಅಣುಗಳನ್ನು ಸವರಿದ ಅಗರ್ ಮೇಲೆ ಬೇರೆ ಬೇರೆ ಔಷಧ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಔಷಧ ನಾಟಿದ ಕಡೆ ಬಿಲ್ಲೆಯ ಸುತ್ತ ಅಣುಗಳು ಬೆಳೆಯದೆ ಬಯಲಾಗುತ್ತದೆ. ಬಿಲ್ಲೆಯ ಅಂಚಿನವರೆಗೂ ಬೆಳೆದಿದ್ದರೆ ಆ ಔಷಧ ವ್ಯರ್ಥ. ಬಯಲಿನ ಅಗಲವನ್ನು ಅಳೆದು ತೀರ್ಮಾನಿಸುವ ಕ್ರಮವನ್ನು ಬಾವರ್, ಕಿರ್ಬಿ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದರು.

ಇದಕ್ಕೆಲ್ಲ ಕೆಲವು ದಿನ ಕಾಯಬೇಕು. 1896ರಷ್ಟು ಹಳೆಯ ವಿಡಾಲ್ ಪರೀಕ್ಷೆ ಬೇಗ ಉತ್ತರ ಕೊಡುತ್ತದೆ, ನಿಜ. ಆದರೆ ಅದು ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಹಿಂದೆಂದೋ ಬಂದುಹೋದ ಸೋಂಕು ಅಥವಾ ಹಾಕಿಸಿಕೊಂಡ ಲಸಿಕೆಯಿಂದಲೂ ಉತ್ತರ ದಾರಿ ತಪ್ಪಬಹುದು. ಯಾವ ಔಷಧ ನಾಟುತ್ತದೆಂಬುದನ್ನಂತೂ ಅದು ಹೇಳಲಾರದು.

ಕಲ್ಚರ್‌ಗೂ ಒಂದು ದೌರ್ಬಲ್ಯವಿದೆ. ಜ್ವರ ಬಂದೊಡನೆ ಔಷಧದಂಗಡಿಯಿಂದ ಎರಡು ಆಂಟಿಬಯಾಟಿಕ್ ಮಾತ್ರೆ ತಂದು ನುಂಗಿ, ಆಮೇಲೆ ರಕ್ತ ಕೊಟ್ಟರೆ, ಅರೆಜೀವವಾದ ಅಣುಗಳು ತಟ್ಟೆಯಲ್ಲಿ ಬೆಳೆಯದೇ ಹೋಗಬಹುದು. ವರದಿಯಲ್ಲಿ ‘ಬೆಳವಣಿಗೆ ಇಲ್ಲ’ ಎಂದಿರುತ್ತದೆ, ದೇಹದಲ್ಲಿ ರೋಗ ಉಳಿದಿರುತ್ತದೆ. ವೈದ್ಯರು ಅಂದಾಜಿನ ಮೇಲೆ ಔಷಧ ಕೊಡಬೇಕಾಗುತ್ತದೆ. ಆದ್ದರಿಂದಲೇ ಸಾಧ್ಯವಿದ್ದಾಗಲೆಲ್ಲ ಮೊದಲು ರಕ್ತ, ಅನಂತರ ಆಂಟಿಬಯಾಟಿಕ್ ಎಂಬುದು ನಿಯಮ. ರೋಗಿಯ ಸ್ಥಿತಿ ಗಂಭೀರವಾಗಿದ್ದರೆ ರಕ್ತ ತೆಗೆದುಕೊಂಡು, ವರದಿಗೆ ಕಾಯದೆ ಚಿಕಿತ್ಸೆ ಆರಂಭಿಸುತ್ತಾರೆ.

ರೋಗಾಣುವಿನ ವಂಶವಾಹಿಯನ್ನು ಕೆಲವೇ ಗಂಟೆಗಳಲ್ಲಿ ಪತ್ತೆಹಚ್ಚುವ ಯಂತ್ರಗಳು ಈಗ ಬಂದಿವೆ. ನಿಧಾನವಾಗಿ ಬೆಳೆಯುವ, ಕಲ್ಚರ್‌ಗೆ ವಾರಗಟ್ಟಲೆ ಬೇಕಾಗುವ ಕ್ಷಯದಂಥ ರೋಗಕ್ಕೆ ಅವು ವರದಾನವೇ ಸರಿ. ಆದರೂ ಪ್ರಯೋಗಾಲಯಗಳಲ್ಲಿ ಅಗರ್ ಕುದಿಯುವುದು ನಿಂತಿಲ್ಲ. ಜೀವಂತ ಅಣು ಯಾವ ಔಷಧಕ್ಕೆ ಮಣಿಯುತ್ತದೆಂಬುದನ್ನು ಕಣ್ಣಾರೆ ಕಂಡು ತಿಳಿಯಲು, ಫ್ಯಾನಿ ಹೆಸ್ಸೆಯ ಅಡುಗೆಮನೆಯಿಂದ ಬಂದ ಆ ತಟ್ಟೆ ಈಗಲೂ ಬೇಕು.