ಬೇನೆ ತೋರುವ ಮುನ್ನ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಲವತ್ತರ ಗೃಹಿಣಿಯೊಬ್ಬಳಿಗೆ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ನಾವು ಹೇಳಿದರೆ, ‘ನನಗೇನಾಗೇತಿ?’ ಎಂದು ಆಕೆ ಕೇಳುವುದು ಸಹಜ. ಏನೂ ಆಗದಿರುವಾಗಲೇ ಈ ಪರೀಕ್ಷೆಯ ಪ್ರಯೋಜನ ಹೆಚ್ಚು. ಪ್ಯಾಪಿಲೋಮಾ ವೈರಸ್ ಅಲ್ಲಿನ ಜೀವಕೋಶಗಳನ್ನು ಹೊಕ್ಕು ನೆಲೆಸಿದ ಮೇಲೆ ಕ್ಯಾನ್ಸರ್ ತಲೆದೋರಲು ಸಾಮಾನ್ಯವಾಗಿ 15ರಿಂದ 20 ವರ್ಷಗಳು ಹಿಡಿಯುತ್ತವೆ.

ಈ ಅವಧಿಯಲ್ಲಿ ಅದನ್ನು ಪತ್ತೆಹಚ್ಚುವ ಹಳೆಯ ಮಾರ್ಗವನ್ನು ಪಾಪಾನಿಕೊಲಾವು ಅವರು 1943ರಲ್ಲಿ ಟ್ರೌಟರೊಡನೆ ಗ್ರಂಥರೂಪದಲ್ಲಿ ಪ್ರಕಟಿಸಿದರು. ಗರ್ಭಕಂಠದಿಂದ ಕೆರೆದು ತೆಗೆದ ಕೋಶಗಳನ್ನು ಗಾಜಿನ ಮೇಲೆ ಸವರಿ, ಮದ್ಯಸಾರದಲ್ಲಿ ಅದ್ದಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುವರು. ಕೋಶಕೇಂದ್ರ ಹಿಗ್ಗಿ ಗಾಢವಾಗಿದ್ದರೆ ಸಂಶಯಕ್ಕೆ ಎಡೆಯುಂಟು. ಆದರೆ ಸಾವಿರಾರು ಕೋಶಗಳ ನಡುವೆ ಕೆಟ್ಟ ಕೆಲವನ್ನು ಗುರುತಿಸಲು ಪಳಗಿದ ಕಣ್ಣು ಬೇಕು. ದಣಿದ ಕಣ್ಣು ತಪ್ಪುವುದೂ ಉಂಟು.

ಹೊಸ ವಿಧಾನ ಅರಸುವುದು ಕೋಶದ ವಿಕಾರವನ್ನಲ್ಲ, ವೈರಸ್ಸಿನ ಡಿಎನ್‌ಎಯನ್ನು. ಹೌಸೆನ್ನರ ತಂಡ 1983ರಲ್ಲಿ ಈ ವೈರಸ್ಸಿನ 16ನೆಯ ಬಗೆಯನ್ನು ಗರ್ಭಕಂಠದ ಗಂತಿಯಲ್ಲಿ ಕಂಡುದೇ ಇದಕ್ಕೆ ತಳಹದಿ. ಡಿಎನ್‌ಎಯ ಒಂದು ತುಣುಕನ್ನು ಪ್ರಯೋಗಶಾಲೆಯಲ್ಲಿ 30 ಸಲ ಇಮ್ಮಡಿಸಿದರೆ ನೂರು ಕೋಟಿಗೂ ಮಿಕ್ಕುತ್ತದೆ. ಆಗ ಅಡಗಿದ್ದುದು ಯಂತ್ರಕ್ಕೆ ಗೋಚರ.

ಇದರ ಫಲವನ್ನು ನಮ್ಮ ಬೀದರದ ನೆರೆಯ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲಿ ಒರೆಗೆ ಹಚ್ಚಿದರು. ಹಳ್ಳಿಗಳ 1,30,000ಕ್ಕೂ ಹೆಚ್ಚು ಸ್ತ್ರೀಯರನ್ನೊಳಗೊಂಡ ಆ ಅಧ್ಯಯನದ ವರದಿ 2009ರಲ್ಲಿ ಪ್ರಕಟವಾಯಿತು. ಒಮ್ಮೆ ಮಾತ್ರ ವೈರಸ್ ಪರೀಕ್ಷೆಯನ್ನು ಒದಗಿಸಿದ ಗುಂಪಿನಲ್ಲಿ ಈ ರೋಗದ ಸಾವುಗಳು ಎಂಟು ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿದಿದ್ದವು.

ವೈರಸ್ ಕಂಡಿತೆಂದರೆ ಕ್ಯಾನ್ಸರ್ ಎಂದಲ್ಲ. ಬಹುಮಂದಿಯಲ್ಲಿ ಅದು ಎರಡು ವರ್ಷಗಳೊಳಗೆ ತಾನಾಗಿ ಅಳಿಯುತ್ತದೆ. ಉಳಿದವರ ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಸವರಿದಾಗ ರೋಗಪೂರ್ವದ ಮಚ್ಚೆ ಬೆಳ್ಳಗೆ ತೋರುತ್ತದೆ. ಚಿಕ್ಕದಾಗಿದ್ದರೆ ಅದನ್ನು ಶಾಖದಿಂದ ಸುಟ್ಟು ನಾಶಪಡಿಸಲು ಕೆಲವೇ ನಿಮಿಷಗಳು ಸಾಕು.